ಬೋಟಿನ ಬೀಕನ್ ವಿವರವನ್ನು ಪೈಲಟ್‌ಗಾಗಿ ಹೇಗೆ ಸಿದ್ಧ ಮಾಡಿಡಬೇಕು?

ಮಂಜೇಶ್ವರದಿಂದ ಹೊರಡುವ ಅಪ್ಪನ ಬೋಟಿಗೆ 406 ಮೆಗಾಹರ್ಟ್ಸ್ ಬೀಕನ್, ಅಂದರೆ ಅಪಾಯದಲ್ಲಿ ಉಪಗ್ರಹದ ಮೂಲಕ ಸಹಾಯ ಕರೆಯುವ ಸಾಧನ, ತಂದಿದ್ದೀರಿ. ಹುಡುಕಿಕೊಂಡು ಬರುವ ಪೈಲಟ್‌ಗೆ ಬೇಕಾದ ಮಾಹಿತಿಯನ್ನು ಈಗಲೇ ಹೇಗೆ ಸಿದ್ಧ ಮಾಡಿಡುವುದು ಅಂತ ಕೇಳಿದ್ದೀರಿ. ನಾನು ಹಡಗಿನಲ್ಲಿ ರೇಡಿಯೊ ಕೆಲಸ ಮಾಡಿದವನು, ಈಗ ಕುಂಬಳೆಯಲ್ಲಿದ್ದೇನೆ. ಕೊಳ್ಳುವಾಗಲೇ ಇದನ್ನು ಕೇಳಿದಿರಲ್ಲ, ನಿಜಕ್ಕೂ ಖುಷಿಯಾಯಿತು.

ಮೊದಲು ನೋಂದಣಿ. ಬೀಕನ್ ತಾನಾಗಿ ಹೇಳುವುದು ಬಹಳ ಕಡಿಮೆ: ತನ್ನ ಸಂಕೇತ, ಅದರೊಳಗೆ ದೇಶದ ಗುರುತು, ಜಿಪಿಎಸ್ ಇದ್ದರೆ ಇರುವ ಜಾಗ. ಸುಮಾರು 50 ಸೆಕೆಂಡಿಗೊಮ್ಮೆ ಉಪಗ್ರಹಕ್ಕೆ ಹೋಗುವುದು ಇಷ್ಟೇ. ಅದು ಬೆಂಗಳೂರಿನ ಇಸ್ರೋ ಕೇಂದ್ರಕ್ಕೆ ಬಂದು, ಅಲ್ಲಿಂದ ಕೋಸ್ಟ್ ಗಾರ್ಡ್‌ನ ಮುಂಬೈ ಕೇಂದ್ರಕ್ಕೆ ತಲುಪುತ್ತದೆ. ಬೋಟ್ ಯಾರದು, ಯಾವ ಬಣ್ಣ ಅಂತ ಗೊತ್ತಾಗುವುದು ನೀವು ತುಂಬಿಸಿದ ವಿವರದಿಂದ ಮಾತ್ರ. ಬೀಕನ್ ಮೇಲೆ 15 ಅಕ್ಷರ-ಅಂಕಿಗಳ ಸಂಕೇತ ಇರುತ್ತದೆ. ಅದನ್ನು ಕೊಟ್ಟು ಬೆಂಗಳೂರು ಕೇಂದ್ರದಲ್ಲಿ ನೋಂದಾಯಿಸಿ. ಫೋನ್ ನಂಬರ್ ಬದಲಾದ ದಿನವೇ ಅಲ್ಲೂ ಬದಲಾಯಿಸಿ.

ಸಂಪರ್ಕಕ್ಕೆ ಅಪ್ಪನ ನಂಬರ್ ಕೊಡಬೇಡಿ, ಅವರು ಕಡಲಲ್ಲಿರುತ್ತಾರೆ ಅಲ್ವಾ! ದಡದಲ್ಲಿರುವ ಇಬ್ಬರದು ಕೊಡಿ. ಕರೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರಬಹುದು. ನಮ್ಮಲ್ಲಿ ತುಳು, ಮಲಯಾಳ, ಕನ್ನಡ ಬಲ್ಲವರು ಮನೆಮನೆಯಲ್ಲಿದ್ದಾರೆ. ಆದರೆ ಗುರುತಿಲ್ಲದ ನಂಬರನ್ನೂ ಎತ್ತಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರಿಸುವವರೇ ಬೇಕು.

ಆ ಇಬ್ಬರ ಹತ್ತಿರ ಒಂದು ಹಾಳೆ ಇರಲಿ. ಈ ಸಲ ಎಷ್ಟು ಜನ ಹೋಗಿದ್ದಾರೆ, ಯಾವ ಕಡೆಗೆ, ಯಾವಾಗ ಹೊರಟರು, ಲೈಫ್ ಜಾಕೆಟ್ ಎಷ್ಟು, ಯಾರಿಗಾದರೂ ಕಾಯಿಲೆ ಇದೆಯಾ. ಮೇಲಿನಿಂದ ನೋಡಿದರೆ ಬೋಟಿನ ಮಾಡು ಮೊದಲು ಕಾಣುವುದು, ಅದರ ಬಣ್ಣವನ್ನೂ ಬರೆಯಿರಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಜನರ ಲೆಕ್ಕ ಮಾತ್ರ ಪ್ರತಿ ಸಲ ಹೊಸದಾಗಿ ಬರೆಯಲೇಬೇಕು. ಒಬ್ಬರು ಕಡಿಮೆ ಬರೆದಿದ್ದರೆ, ಆ ಒಬ್ಬರು ನೀರಲ್ಲಿರುವಾಗಲೇ ಹುಡುಕಾಟ ನಿಲ್ಲಬಹುದು.

ಜಾಗ ಹೇಳುವಾಗ ತುಂಬಾ ಎಚ್ಚರ ಬೇಕು. ಕಾಸರಗೋಡು ಪೇಟೆ 12 ಡಿಗ್ರಿ 30 ಮಿನಿಟ್ ಉತ್ತರದ ಹತ್ತಿರ ಇದೆ. ದಶಾಂಶದಲ್ಲಿ ಬರೆದರೆ ಅದು 12.50. ಯಾರಾದರೂ ಗಡಿಬಿಡಿಯಲ್ಲಿ 12.30 ಅಂದುಬಿಟ್ಟರೆ 12 ಮಿನಿಟ್ ತಪ್ಪುತ್ತದೆ. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲು, 1.852 ಕಿಲೋಮೀಟರ್. ಅಲ್ಲಿಗೆ ವಿಮಾನ ಸುಮಾರು 22 ಕಿಲೋಮೀಟರ್ ದಕ್ಷಿಣದಲ್ಲಿ ಹುಡುಕುತ್ತದೆ. ಹಾಗಾಗಿ "ಡಿಗ್ರಿ", "ಮಿನಿಟ್" ಅಂತ ಬಾಯಿಬಿಟ್ಟೇ ಹೇಳಬೇಕು. ಆ ಜಾಗದಲ್ಲಿ ಎಷ್ಟು ಗಂಟೆಗೆ ಇದ್ದರು ಅನ್ನುವುದೂ ಬೇಕು. ಎಂಜಿನ್ ನಿಂತ ಬೋಟ್ ಗಾಳಿ, ನೀರಿನ ಸೆಳೆತಕ್ಕೆ ಹೋಗುತ್ತಲೇ ಇರುತ್ತದೆ. ಸಮಯ ಗೊತ್ತಿದ್ದರೆ ಎಷ್ಟು ದೂರ ಹೋಗಿರಬಹುದು ಅಂತ ಲೆಕ್ಕ ಹಾಕುತ್ತಾರೆ.

ಬೋಟಿನವರಿಗೂ ಹೇಳಿಡಿ. ಬೀಕನ್ ಆನ್ ಮಾಡಿದ ಮೇಲೆ ಆಂಟೆನಾ ನೇರವಾಗಿ ಆಕಾಶಕ್ಕೆ ಇರಲಿ, ಕ್ಯಾಬಿನ್ ಒಳಗೆ ಇಡಬೇಡಿ. ಬ್ಯಾಟರಿ ಉಳಿಸಲು ಅಂತ ಸುಮ್ನೆ ಆಫ್ ಮಾಡಬಾರದು. ಹತ್ತಿರ ಬಂದ ವಿಮಾನ ಅದರ 121.5 ಮೆಗಾಹರ್ಟ್ಸ್ ರೇಡಿಯೊ ಸದ್ದನ್ನು ಹಿಡಿದೇ ಬರುತ್ತದೆ. ಹೆಲಿಕಾಪ್ಟರ್ ಬಂದರೆ ಬಲೆ, ಟಾರ್ಪಾಲ್ ಎಲ್ಲ ಬಿಗಿಯಾಗಿ ಕಟ್ಟಿರಬೇಕು, ಅದರ ಗಾಳಿಗೆ ಹಾರಿ ರೆಕ್ಕೆಗೆ ಸಿಕ್ಕಿಕೊಂಡರೆ ಅಪಾಯ.

ತಪ್ಪಿ ಆನ್ ಆದರೆ ಹೆದರಿ ಸುಮ್ಮನಿರಬೇಡಿ. ತಕ್ಷಣ ಕೋಸ್ಟ್ ಗಾರ್ಡ್‌ನ 1554ಕ್ಕೆ ಫೋನ್ ಮಾಡಿ, ಬೀಕನ್ ಸಂಕೇತ ಹೇಳಿ, ಎಲ್ಲರೂ ಕ್ಷೇಮ ಅಂತ ತಿಳಿಸಿ.