ನೀವು ಕೇಳಿದ್ರಿ: ಈ ಸಲ ಪೂರ್ತಿ ತನನನ

ಹೋದ ಸಂಚಿಕೆಯಲ್ಲಿ ಒಬ್ರು ‘ಚಿಕ್ಕಂದಿನಲ್ಲಿ ಕೇಳ್ತಿದ್ದ ಟಿವಿ ಟ್ಯೂನ್‌ಗಳ ಬಗ್ಗೆ ಒಂದ್ಸಲ ಬರೀರಿ’ ಅಂದಿದ್ರು, ‘ಪ್ರಶ್ನೆ ಕಳ್ಸಿ ನೋಡೋಣ’ ಅಂತ ಸುಮ್ನೆ ಒಂದು ಸಾಲು ಹಾಕಿದ್ದೆ, ಅಷ್ಟಕ್ಕೇ ರಾಶಿ ಬಂದು ಬಿದ್ದಿದೆ. ಅರ್ಧಕ್ಕರ್ಧ ಜನ ಪ್ರಶ್ನೆನೇ ಕೇಳಿಲ್ಲ, ‘ತಾನನಾ ತನನಾನ’ ಅಂತ ಬರ್ದು ‘ಇದ್ಯಾವ್ದು ಹೇಳಿ’ ಅಂತ ಕೈ ತೊಳ್ಕೊಂಡಿದ್ದಾರೆ. ಇನ್ನು ಕೆಲವರು ವಾಟ್ಸಾಪಲ್ಲಿ ಗುನುಗಿ ಕಳ್ಸಿದ್ದಾರೆ, ಒಂದ್ರಲ್ಲಂತೂ ಟ್ಯೂನಿಗಿಂತ ಹಿಂದ್ಗಡೆ ಕುಕ್ಕರ್ ಕೂಗಿದ್ದೇ ಜಾಸ್ತಿ. ಹೆಸರು ಹಾಕ್ಬೇಡಿ ಅಂದೋರು ಸುಮಾರು ಜನ ಇರೋದ್ರಿಂದ ಎಲ್ಲರಿಗೂ ಊರು ಮಾತ್ರ.

ಮಾಲ್ಗುಡಿ ಡೇಸ್ ಟ್ಯೂನ್ ಮಾಡಿದ್ದು ಸ್ವತಃ ಶಂಕರ್‌ನಾಗ್ ಅಂತ ನಮ್ಮ ಮಾವ, ಇಳಯರಾಜ ಅಂತ ನಮ್ಮನೆಯವರು. ಅಪ್ಪ ಮಗ ಎರಡು ದಿನದಿಂದ ಮುಖ ಕೊಟ್ಟು ಮಾತಾಡ್ತಿಲ್ಲ. ತೀರ್ಮಾನ ಮಾಡಿ. ಹಾಗೇ ಅದಕ್ಕೆ ಸಾಹಿತ್ಯ ಯಾಕಿಲ್ಲ ಅಂತಲೂ ಹೇಳಿ. (ತೀರ್ಥಹಳ್ಳಿ)

ಇಬ್ರೂ ಸೋತಿದ್ದಾರೆ, ಇನ್ಮೇಲೆ ಮಾತಾಡ್ಬಹುದು. ಟ್ಯೂನ್ ಎಲ್. ವೈದ್ಯನಾಥನ್ ಅವರದ್ದು. ನಿಮ್ಮನೆಯವರು ಇಳಯರಾಜ ಅಂದಿದ್ದು ಯಾಕೆ ಅಂತ ಊಹಿಸಬಹುದು, ಶಂಕರ್‌ನಾಗ್ ನಿರ್ದೇಶನದ ‘ಗೀತಾ’ಗೆ ಇಳಯರಾಜ ಮ್ಯೂಸಿಕ್ ಕೊಟ್ಟಿದ್ರಲ್ಲ, ಅದು ತಲೇಲಿ ಕೂತಿರುತ್ತೆ. ವೈದ್ಯನಾಥನ್ ಕರ್ನಾಟಕ ಸಂಗೀತದ ಪಿಟೀಲು ಮನೆತನದವರು, ಎಲ್. ಸುಬ್ರಮಣ್ಯಂ ಮತ್ತೆ ಎಲ್. ಶಂಕರ್ ಇವರ ತಮ್ಮಂದಿರು, ಮೂರೂ ಜನ ಪಿಟೀಲಿನೋರೇ. ಇನ್ನೊಂದು ವಿಷಯ ಕೇಳಿ, 1987ರಲ್ಲಿ ಒಂದೇ ಒಂದು ಡೈಲಾಗ್ ಇಲ್ಲದ ‘ಪುಷ್ಪಕ ವಿಮಾನ’ ಬಂತಲ್ಲ, ಅದಕ್ಕೂ ಇವರದ್ದೇ ಸಂಗೀತ. ಮಾತಿಲ್ಲದೆ ಕಥೆ ಹೇಳ್ಸೋ ಕೆಲ್ಸಕ್ಕೆ ಆ ಕಾಲದಲ್ಲಿ ಇವರನ್ನ ಬಿಟ್ರೆ ಇಲ್ಲ ಅನ್ಸುತ್ತೆ ನಂಗೆ.

ಸಾಹಿತ್ಯ ಯಾಕಿಲ್ಲ ಅನ್ನೋದಕ್ಕೆ ನನ್ನ ಲೆಕ್ಕ ಹೇಳ್ತೀನಿ. ಕಥೆ ಬರೆದವರು ಆರ್.ಕೆ. ನಾರಾಯಣ್, ಇಂಗ್ಲಿಷಲ್ಲಿ. ಶೂಟಿಂಗ್ ಆಗಿದ್ದು ನಿಮ್ಮ ತಾಲ್ಲೂಕಿನ ಆಗುಂಬೆಯಲ್ಲಿ. ನಟಿಸಿದ್ದು ಗಿರೀಶ್ ಕಾರ್ನಾಡ್, ವೈಶಾಲಿ ಕಾಸರವಳ್ಳಿ, ಅನಂತನಾಗ್, ಸ್ವಾಮಿ ಆಗಿ ಮಾಸ್ಟರ್ ಮಂಜುನಾಥ್, ಹೀಗೆ ಹೆಚ್ಚುಕಮ್ಮಿ ನಮ್ಮೋರೇ. ಆದ್ರೆ ಟಿವಿಯಲ್ಲಿ ಬಂದಿದ್ದು ಇಡೀ ದೇಶಕ್ಕೆ, ಹಿಂದಿಯಲ್ಲಿ. ಪದ ಹಾಕಿದ್ರೆ ಹಿಂದಿ ಪದನೇ ಹಾಕ್ಬೇಕಾಗ್ತಿತ್ತು, ಆಗ ಆ ಟ್ಯೂನ್ ‘ನಮ್ದು’ ಅಂತ ತೀರ್ಥಹಳ್ಳಿಯ ಒಂದು ಮನೇಲಿ ಅಪ್ಪ ಮಗ ಮಾತು ಬಿಡ್ತಿರ್ಲಿಲ್ಲ. ಬರೀ ‘ತಾನನಾ’ ಆಗಿದ್ರಿಂದ ಕನ್ನಡದೋರಿಗೆ ಕನ್ನಡ, ತಮಿಳ್ರಿಗೆ ತಮಿಳು. ಟೈಟಲಲ್ಲಿ ಬರೋ ಚಿತ್ರಗಳು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಬರೆದಿದ್ದು, ಅವಕ್ಕೂ ಮಾತು ಬೇಕಿಲ್ಲ. ನೀವು ಒಂದ್ಸಲ ಕಣ್ಣು ಮುಚ್ಕೊಂಡು ಕೇಳಿ ನೋಡಿ, ಆ ಗಂಟಲಲ್ಲಿ ಸ್ವಲ್ಪನೂ ಗತ್ತಿಲ್ಲ, ಸ್ಟೇಜ್ ಮೇಲೆ ಹಾಡಿದ ಹಾಗಿಲ್ಲ, ಯಾರೋ ತೋಟದ ಕಡೆ ಹೋಗ್ತಾ ಗುನುಗ್ತಿರೋ ಹಾಗಿದೆ. ಅದಕ್ಕೇ ಶ್ರುತಿ ತಾಳ ಗೊತ್ತಿಲ್ಲದ ನನ್ನಂಥೋನೂ ಹಾಡ್ಬಹುದು.

2006ರಲ್ಲಿ ಕವಿತಾ ಲಂಕೇಶ್ ಇನ್ನೂ 15 ಕಂತು ಮಾಡಿದ್ರು. ಮಾಲ್ಗುಡಿ ಸ್ಟೇಷನ್ ಅಂತ ತೋರ್ಸಿದ ಅರಸಾಳು ರೈಲ್ವೆ ಸ್ಟೇಷನಲ್ಲಿ ಈಗ ಮಾಲ್ಗುಡಿ ಮ್ಯೂಸಿಯಂ ಇದೆ, ನಿಮ್ಗೆ ದೂರ ಏನಲ್ಲ, ಮಾವನ್ನೂ ಯಜಮಾನ್ರನ್ನೂ ಒಂದೇ ಕಾರಲ್ಲಿ ಕರ್ಕೊಂಡು ಹೋಗಿ.

‘ಡೆನ್ನಾನ ಡೆನ್ನಾನ’ ರಂಗಿತರಂಗದ ಹಾಡು ಅಂತ ಮಗಳ ಹಠ ಮಾರಾಯ್ರೆ. ನಾವು ಸಣ್ಣದಿರುವಾಗ ಅದು ಟಿವಿಯಲ್ಲಿ ಬಂದ ದಿನ ಕತ್ತಲಾದ ಮೇಲೆ ಅಂಗಳಕ್ಕೆ ಇಳೀಲಿಕ್ಕೂ ಹೆದರಿದವರು. ಅವಳಿಗೆ ನೀವೇ ಸ್ವಲ್ಪ ಹೇಳಿ. (ಪುತ್ತೂರು)

ಮಗಳೇ, ಅಮ್ಮ ಹೇಳೋದೇ ಸರಿ. ರಂಗಿತರಂಗ ಬಂದಿದ್ದು 2015ರಲ್ಲಿ. ಅದಕ್ಕೂ ಸುಮಾರು ಇಪ್ಪತ್ತೈದು ವರ್ಷ ಮುಂಚೆ ಸದಾನಂದ ಸುವರ್ಣ ಅವರು ‘ಗುಡ್ಡದ ಭೂತ’ ಅಂತ ಸೀರಿಯಲ್ ಮಾಡಿದ್ರು, ಈಗ ದೇಶಕ್ಕೆಲ್ಲ ಗೊತ್ತಿರೋ ಪ್ರಕಾಶ್ ರೈ ಆಗಿನ್ನೂ ತೆಳ್ಳಗೆ ಹುಡುಗನ ಥರ ಇದ್ರು, ಅದ್ರಲ್ಲಿ ಆಕ್ಟ್ ಮಾಡಿದ್ರು. ಅದರ ಟೈಟಲ್ ಹಾಡೇ ಡೆನ್ನಾನ. ಸಿನಿಮಾದೋರು ಆ ನೆನಪಿಗೇ ಅದನ್ನ ಮತ್ತೆ ತಗೊಂಡಿದ್ದು.

ಆದ್ರೆ ಅಮ್ಮನಿಗೂ ಒಂದು ಮಾತು ಹೇಳ್ಬೇಕು, ಅದು ಸೀರಿಯಲ್‌ನೋರು ಹುಟ್ಟಿಸಿದ ಸೊಲ್ಲೂ ಅಲ್ಲ. ‘ಡೆನ್ನ ಡೆನ್ನಾನ’ ಅನ್ನೋದು ತುಳುನಾಡಲ್ಲಿ ಪಾಡ್ದನದಲ್ಲಿ (ಬಾಯಿಂದ ಬಾಯಿಗೆ ಬಂದ ತುಳು ಕಥನಗೀತೆ), ಗದ್ದೆ ಕೆಲ್ಸದ ಹಾಡಲ್ಲಿ ಮೊದ್ಲಿಂದ್ಲೂ ಇರೋದು, ನೇಜಿ, ಅಂದ್ರೆ ಭತ್ತದ ಸಸಿ, ನೆಡೋವಾಗ ಒಬ್ಬಾಕೆ ಹೇಳಿದ್ರೆ ಉಳಿದವರು ಹಿಂದೆ ಹೇಳೋದು. ಹಗಲಲ್ಲಿ ಬಗ್ಗಿ ಕೆಲ್ಸ ಮಾಡೋವಾಗ ದಣಿವು ಮರೆಯೋಕೆ ಹೇಳ್ತಿದ್ದ ಸೊಲ್ಲನ್ನ ತಗೊಂಡು ಕತ್ತಲೆ, ಗುಡ್ಡ, ಭೂತದ ಜೊತೆ ಸೇರ್ಸಿಬಿಟ್ರು ನೋಡಿ, ಅಲ್ಲಿಂದ ಘಟ್ಟದ ಮೇಲಿನ ನಮ್ಮಂಥೋರಿಗೆಲ್ಲ ಡೆನ್ನಾನ ಅಂದ್ರೆ ಭಯ. ನಿಮ್ಮ ಊರಲ್ಲಿ ಅಜ್ಜಿಯಂದಿರಿಗೆ ಆ ಹಾಡಿಂದ ಭಯ ಆಗ್ತಿತ್ತಾ ಇಲ್ವಾ ಅಂತ ವಿಚಾರ್ಸಿ ಬರೀರಿ, ನಂಗೆ ನಿಜವಾಗ್ಲೂ ಕುತೂಹಲ.

ರೇಡಿಯೋದ ಮುಂಜಾನೆ ಟ್ಯೂನ್, ದೂರದರ್ಶನದ ಚಕ್ರ ತಿರುಗೂ ಟ್ಯೂನ್, ಎರಡೂ ರವಿಶಂಕರ್ ಅವರ್ದ ಅಂತಾರ ನಮ್ಮ ಅಣ್ಣಾರು. ಖರೇ ಏನ್ರಿ? ಮತ್ತ ಅವನ್ನ ಕೇಳಿದ್ರ ಈಗೂ ಯಾಕ ಜೀವಕ್ಕ ಒಂಥರಾ ಆಗ್ತದ? (ಹುಬ್ಬಳ್ಳಿ)

ಅರ್ಧ ಖರೇ. ದೂರದರ್ಶನದ್ದು ಪಂಡಿತ್ ರವಿಶಂಕರ್ ಅವರದ್ದು, ಜೊತೆಗೆ ಶಹನಾಯಿಯ ಉಸ್ತಾದ್ ಅಲಿ ಅಹ್ಮದ್ ಹುಸೇನ್ ಖಾನ್. ಮೊದಲು ಕೇಳಿಸಿದ್ದು 1976ರ ಏಪ್ರಿಲ್ 1, ಅಂದ್ರೆ ಟಿವಿ ಆಕಾಶವಾಣಿಯಿಂದ ಬೇರೆ ಮನೆ ಮಾಡಿದ ದಿನ. ನೀವು ಚಕ್ರ ಅಂದಿದ್ದು ಕಣ್ಣು ಸ್ವಾಮಿ, ಅಹಮದಾಬಾದಿನ ಡಿಸೈನ್ ಸಂಸ್ಥೆ ಎನ್‌ಐಡಿಯಲ್ಲಿ ಓದ್ತಿದ್ದ ದೇವಾಶಿಸ್ ಭಟ್ಟಾಚಾರ್ಯ ಅನ್ನೋರು ಬರೆದಿದ್ದು, ಎರಡು ಬಳುಕೋ ಗೆರೆ ಸುತ್ತಿ ಸುತ್ತಿ ಬಂದು ಕೂರೋದು. ರೇಡಿಯೋದ್ದು ಇನ್ನೂ ಹಳೇದು, ಮೂವತ್ತರ ದಶಕದ್ದು, ಮಾಡಿದೋರು ವಾಲ್ಟರ್ ಕಾಫ್‌ಮನ್ ಅಂತ ಯೂರೋಪಿನ ಯಹೂದಿ, ಹಿಟ್ಲರ್ ಕಾಲದಲ್ಲಿ ಊರು ಬಿಟ್ಟು ಮುಂಬೈಗೆ ಬಂದು ಆಕಾಶವಾಣಿಯಲ್ಲಿ ಕೆಲ್ಸಕ್ಕೆ ಸೇರಿದೋರು. ಶಿವರಂಜನಿ ರಾಗ, ಹಿಂದೆ ತಂಬೂರಿ, ಮೇಲೆ ಪಿಟೀಲು.

ಜೀವಕ್ಕೆ ಒಂಥರಾ ಆಗೋದು ಶಿವರಂಜನಿಯಿಂದ ಅಂತ ಸಂಗೀತ ಬಲ್ಲೋರು ಹೇಳ್ತಾರೆ, ಇರ್ಬಹುದು. ನಂಗೆ ಮಾತ್ರ ಅದು ಹೋಮ್‌ವರ್ಕಿಂದ ಅನ್ಸುತ್ತೆ. ರೇಡಿಯೋ ಟ್ಯೂನ್ ಬಂತು ಅಂದ್ರೆ ಏಳ್ಬೇಕು, ಸ್ನಾನ ಮಾಡ್ಬೇಕು, ಸ್ಕೂಲು.

ಸೀರಿಯಲ್ ಅಲ್ಲ, ಆದ್ರೂ ಕೇಳ್ತೀನ್ರಿ. ‘ಮಿಲೇ ಸುರ್’ದಾಗ ಮೊದಲ ದನಿ ನಮ್ಮ ಊರವರದ್ದು ಹೌದಲ್ರಿ? (ಗದಗ)

ಹೌದ್ರಿ, ಪಂಡಿತ್ ಭೀಮಸೇನ ಜೋಶಿ. ದೇಶವೆಲ್ಲ ಒಂದೇ ಅಂತ ದೂರದರ್ಶನದಲ್ಲಿ ಬರ್ತಿದ್ದ ಆ ಹಾಡು 1988ರ ಆಗಸ್ಟ್ 15ರಂದು ಮೊದಲ ಸಲ ಪ್ರಸಾರ ಆಗಿದ್ದು. ಗೊತ್ತಿದ್ದೇ ಕೇಳಿದ್ರಿ ಅಂತ ನಂಗೂ ಗೊತ್ತು, ಆದ್ರೂ ಹಾಕಿದ್ದೀನಿ.

ಹಿಂದಿ ಒಂದಕ್ಷರ ಬರ್ದೇ ಇದ್ರೂ ಮಹಾಭಾರತದ ಟೈಟಲ್ ಹಾಡು ನಮ್ಮ ಬೀದಿ ಹೈಕ್ಳಿಗೆಲ್ಲ ಬಾಯಿಪಾಠ ಆಗಿತ್ತಲ್ಲ ಸಾರ್, ಅದೆಂಗೆ? (ಮಂಡ್ಯ)

ಮಂಡ್ಯದೋರು ಇದನ್ನ ಕೇಳ್ಬಾರ್ದು ಸಾರ್! ಹಳ್ಳಿ ಹಳ್ಳೀಲೂ ಹಾರ್ಮೋನಿಯಂ ಮೇಷ್ಟ್ರನ್ನ ಕರ್ಸಿ ತಿಂಗಳುಗಟ್ಲೆ ಪ್ರಾಕ್ಟೀಸ್ ಮಾಡಿ ರಾತ್ರಿಯೆಲ್ಲ ಕುರುಕ್ಷೇತ್ರ ನಾಟಕ ಆಡೋ ಜಿಲ್ಲೆ ನಿಮ್ದು, ದುರ್ಯೋಧನ ಯಾವ ಸೀನಲ್ಲಿ ಗದೆ ಎತ್ತುತಾನೆ ಅಂತ ಮೂರನೇ ಕ್ಲಾಸಿನ ಹುಡುಗನಿಗೂ ಗೊತ್ತು. ಕಥೆ ಗೊತ್ತಿದ್ಮೇಲೆ ಭಾಷೆ ಯಾವನಿಗೆ ಬೇಕು. ಅದ್ರ ಮೇಲೆ ಮಹೇಂದ್ರ ಕಪೂರ್ ಗಂಟಲು, ಆಮೇಲೆ ‘ನಾನೇ ಕಾಲ’ ಅನ್ನೋ ಹರೀಶ್ ಭಿಮಾನಿ ದನಿ, ಮೈ ಜುಂ ಅಂತಿತ್ತು. 1988ರ ಅಕ್ಟೋಬರಿಂದ 1990ರ ಜೂನ್ ತನಕ ಭಾನುವಾರ ಭಾನುವಾರ ಕೇಳಿದ್ರೆ ಕಲ್ಲಿಗೂ ಬಾಯಿಪಾಠ ಆಗುತ್ತೆ ಬಿಡಿ.

ಮೋಗ್ಲಿ ಹಾಡೂ ಹಂಗೇನೇ. ಕಾರ್ಟೂನ್ ಜಪಾನಿನದ್ದು, ಹಿಂದಿ ಹಾಡು ಬರೆದಿದ್ದು ಗುಲ್ಜಾರ್, ಟ್ಯೂನ್ ಹಾಕಿದ್ದು ಆಗಿನ್ನೂ ಹೊಸಬರಾಗಿದ್ದ ವಿಶಾಲ್ ಭಾರದ್ವಾಜ್. ಅಷ್ಟು ದೊಡ್ಡ ಕವಿ ಬರೆದ ಹಾಡಲ್ಲಿ ನಮ್ಮ ಬೀದಿಗೆ ಅರ್ಥ ಆಗಿದ್ದು ಚಡ್ಡಿ ಒಂದೇ, ಅದನ್ನ ಮಾತ್ರ ಎಲ್ಲರೂ ಜೋರಾಗಿ ಹೇಳೋರು.

ಈಗಿನ ಸೀರಿಯಲ್‌ಗಳ ಟೈಟಲ್ ಸಾಂಗ್ ಒಂದೂ ನೆನಪಲ್ಲಿ ಉಳಿಯಲ್ಲ. ‘ಮುಕ್ತ’ ಹಾಡು ಇವತ್ತಿಗೂ ಪೂರ್ತಿ ಬರುತ್ತೆ ನಂಗೆ. ಕಾಲ ಕೆಟ್ಟಿದ್ಯಾ ಅಥವಾ ನಂಗೆ ವಯಸ್ಸಾಯ್ತಾ? (ಬೆಂಗಳೂರು, ಬಸವನಗುಡಿ)

ವಯಸ್ಸಾಗಿದೆ ಮೇಡಂ, ಆದ್ರೆ ಅದೊಂದೇ ಕಾರಣ ಅಲ್ಲ. ಟಿ.ಎನ್. ಸೀತಾರಾಮ್ ಅವರ ‘ಮುಕ್ತ’ಕ್ಕೆ ಹಾಡು ಬರೆದವರು ಎಚ್.ಎಸ್. ವೆಂಕಟೇಶಮೂರ್ತಿ. ಮಣ್ಣು ತಿಂದು ಹಣ್ಣು ಕೊಡೋ ಮರದ ಮಾತು ಬರುತ್ತಲ್ಲ ಅದ್ರಲ್ಲಿ, ಅದನ್ನ ಸೀರಿಯಲ್ಲಿಂದ ಕಿತ್ತು ಭಾವಗೀತೆ ಕಾರ್ಯಕ್ರಮದಲ್ಲಿ ಹಾಡಿದ್ರೂ ನಿಲ್ಲುತ್ತೆ, ಹಾಡ್ತಾನೂ ಇದ್ದಾರೆ. ಎಚ್ಚೆಸ್ವಿ 2025ರ ಮೇ ತಿಂಗಳಲ್ಲಿ ತೀರ್ಕೊಂಡಾಗ ಎಷ್ಟೋ ಜನ ಅವರ ಪುಸ್ತಕಕ್ಕಿಂತ ಮೊದ್ಲು ಈ ಹಾಡನ್ನೇ ನೆನೆಸ್ಕೊಂಡ್ರು. ಇನ್ನೊಂದು ಕಡೆ ಫಣಿ ರಾಮಚಂದ್ರ ಅವರ ‘ದಂಡಪಿಂಡಗಳು’, ಅದ್ರಲ್ಲಿ ಕಾವ್ಯ ಹುಡುಕಿದ್ರೆ ನೀವೇ ದಂಡಪಿಂಡ, ಆದ್ರೆ ಕೆಲ್ಸ ಇಲ್ಲದ ಹುಡುಗರಿರೋ ಪ್ರತಿ ಮನೇಲೂ ಅಪ್ಪಂದಿರು ಅದನ್ನ ಹಾಡ್ತಿದ್ರು. ಅಂದ್ರೆ ಬರೀ ಒಳ್ಳೆ ಸಾಹಿತ್ಯ ಇದ್ರೇ ಉಳಿಯುತ್ತೆ ಅಂತೇನಿಲ್ಲ.

ನಂಗೆ ಅನ್ಸೋದು ಇಷ್ಟು. ಆಗಿನ ಟೈಟಲ್ ಹಾಡು ಟಿವಿ ಮುಂದೆ ಕೂತಿರೋರಿಗೆ ಮಾಡಿದ್ದಲ್ಲ, ಇನ್ನೂ ಬಂದು ಕೂರದೇ ಇರೋರಿಗೆ ಮಾಡಿದ್ದು. ಅಡುಗೆಮನೇಲಿ ಒಗ್ಗರಣೆ ಹಾಕ್ತಿರೋರು, ಬೀದೀಲಿ ಬ್ಯಾಟ್ ಹಿಡಿದಿರೋರು, ಆಂಟೆನಾ ತಿರುಗ್ಸೋಕೆ ತಾರಸಿ ಹತ್ತಿ ‘ಬಂತಾ? ಈಗ ಬಂತಾ?’ ಅಂತ ಕೂಗ್ತಿರೋರು, ಟಿವಿ ಇರೋ ಮನೆಗೆ ಹೋಗೋಕೆ ಮುಖ ತೊಳ್ಕೊಂಡು ಪೌಡರ್ ಹಚ್ಕೊಳ್ತಿರೋರು, ಇವರೆಲ್ಲರ ಕಿವಿಗೂ ಬೀಳ್ಬೇಕು, ಬಿದ್ಮೇಲೆ ಓಡಿ ಬರೋಕೆ ಟೈಮೂ ಇರ್ಬೇಕು. ಅದಕ್ಕೇ ಹಾಡು ಉದ್ದ, ಅದಕ್ಕೇ ಮೊದಲನೇ ಸ್ವರಕ್ಕೇ ಇದೇ ಸೀರಿಯಲ್ ಅಂತ ಗೊತ್ತಾಗ್ಬೇಕಿತ್ತು. ಇವತ್ತು ಫೋನು ಕೈಯಲ್ಲೇ ಇರುತ್ತೆ, ಯಾರನ್ನೂ ಎಲ್ಲಿಂದ್ಲೂ ಕರೀಬೇಕಾಗಿಲ್ಲ, ಮೇಲಿಂದ ‘ಸ್ಕಿಪ್’ ಅಂತ ಬಟನ್ನೇ ಕೊಟ್ಟಿದ್ದಾರೆ. ಈಗಿನ ಮ್ಯೂಸಿಕ್ ಡೈರೆಕ್ಟರ್‌ಗಳನ್ನ ಬೈದು ಏನುಪಯೋಗ, ಕೆಲ್ಸನೇ ಇಲ್ಲದ ಹಾಡಿಗೆ ಎಷ್ಟು ಅಂತ ಕಷ್ಟಪಡ್ತಾರೆ. ಆದ್ರೂ ಮಕ್ಕಳ ಚಾನೆಲ್ ಚಿಂಟು ಟಿವಿ ನೋಡ್ಕೊಂಡು ಬೆಳೆದ ಹುಡುಗರು ಇನ್ನೊಂದು ಹದಿನೈದು ವರ್ಷಕ್ಕೆ ಇದೇ ಪ್ರಶ್ನೆ ಕೇಳ್ಕೊಂಡು ಬರ್ತಾರೆ ನೋಡ್ತಿರಿ.

ಸುರಭಿ ಟೈಟಲ್ ಮ್ಯೂಸಿಕ್ ಮಾಡಿದೋರು ಯಾರು? (ದಾವಣಗೆರೆ)

ಎಲ್. ಸುಬ್ರಮಣ್ಯಂ. ಮೇಲೆ ಮಾಲ್ಗುಡಿ ವೈದ್ಯನಾಥನ್ ಅಂದ್ನಲ್ಲ, ಅವರ ತಮ್ಮ. ಅಣ್ಣಂದು ಒಂದು, ತಮ್ಮಂದು ಒಂದು, ಒಂದು ತಲೆಮಾರಿನ ಕಿವಿನೇ ಆ ಮನೆಯೋರ ಕೈಲಿತ್ತು. ದೂರದರ್ಶನದ ಆ ಸುರಭಿ ಕಾರ್ಯಕ್ರಮದ ಕ್ವಿಜ್‌ಗೆ 15 ಪೈಸೆ ಕಾರ್ಡಲ್ಲಿ ಉತ್ತರ ಬರೆದು ಬರೆದು ಜನ ಪೋಸ್ಟಾಫೀಸನ್ನೇ ಸುಸ್ತು ಮಾಡಿದ್ರು, ಕೊನೆಗೆ ಅಂಚೆ ಇಲಾಖೆ ಸ್ಪರ್ಧೆಗಳಿಗೆ ಅಂತಲೇ 2 ರೂಪಾಯಿಯ ಬೇರೆ ಕಾರ್ಡ್ ತಂತು.

ಮಗನ ಮದುವೆ ವಿಡಿಯೋಗೆ ಮಾಲ್ಗುಡಿ ಟ್ಯೂನ್ ಹಾಕಿ ನೆಟ್‌ಗೆ ಬಿಟ್ರೆ ಸೌಂಡ್ ಕಟ್ ಮಾಡಿದ್ದಾರೆ. ಛತ್ರದಲ್ಲಿ ದಿನವಿಡೀ ಅದನ್ನೇ ಹಾಕಿದ್ವಿ, ಯಾರೂ ಏನೂ ಅನ್ಲಿಲ್ಲ! ಇದ್ಯಾವ ನ್ಯಾಯ? (ಮೈಸೂರು)

ನ್ಯಾಯ ಇದೆ, ಸ್ವಲ್ಪ ವಿಚಿತ್ರವಾಗಿದೆ. 1957ರ ಕಾಪಿರೈಟ್ ಕಾಯ್ದೆಯಲ್ಲೇ ಮದುವೆ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಮಾರಂಭಕ್ಕೆಲ್ಲ ವಿನಾಯ್ತಿ ಇದೆ, ಅಲ್ಲಿ ಹಾಡು ಹಾಕಿದ್ರೆ ತಪ್ಪಿಲ್ಲ. ಆ ವಿನಾಯ್ತಿ ಛತ್ರದ ಬಾಗಿಲಿಗೇ ಮುಗೀತು. ವಿಡಿಯೋಗೆ ಅಂಟಿಸಿ ಊರಿಗೆಲ್ಲ ತೋರ್ಸಿದ್ರೆ ಅದು ಬೇರೆ ಲೆಕ್ಕ, ಹಕ್ಕು ಇರೋರ ಪರ್ಮಿಷನ್ ಬೇಕು. ಟ್ಯೂನಿನ ಹಕ್ಕು ಸಂಗೀತಗಾರರು ತೀರ್ಕೊಂಡ್ಮೇಲೂ 60 ವರ್ಷ ಇರುತ್ತೆ, ವೈದ್ಯನಾಥನ್ ತೀರ್ಕೊಂಡಿದ್ದು 2007ರಲ್ಲಿ, ಅಂದ್ರೆ 2067 ಮುಗಿಯೋ ತನಕ ಕಾಯ್ಬೇಕು. ರೆಕಾರ್ಡಿಂಗ್ ಹಕ್ಕು ಅದಲ್ದೇ ಬೇರೆ. ಮೊಮ್ಮಗನ ಮದುವೆಗೆ ಆರಾಮಾಗಿ ಹಾಕ್ಬಹುದು.

ಎಲ್ಲರದ್ದೂ ಹೇಳಿದ್ರಿ, ನಿಮ್ಮ ಫೇವರಿಟ್ ಯಾವ್ದು? ನುಣುಚ್ಕೋಬೇಡಿ. (ಚಿಂತಾಮಣಿ)

ಮಾಲ್ಗುಡಿ ಅಂತೀನಿ ಅಂದ್ಕೊಂಡಿರ್ತೀರಿ. ಅಲ್ಲ, ಬ್ಯೋಮಕೇಶ್ ಬಕ್ಷಿ. 1993ರಲ್ಲಿ ಬಾಸು ಚಟರ್ಜಿ ಮಾಡಿದ್ದು, ಮ್ಯೂಸಿಕ್ ಆನಂದ ಶಂಕರ್, ಅಂದ್ರೆ ದೂರದರ್ಶನ ಟ್ಯೂನ್ ಮಾಡಿದ ರವಿಶಂಕರ್ ಅವರ ಅಣ್ಣ ಉದಯಶಂಕರ್ ಮಗ. ಒಂದು ಕೊಲೆ ಆಗಿದೆ, ಕೊಲೆಗಾರ ಯಾರು ಅಂತ ಗೊತ್ತಿಲ್ಲ, ಆದ್ರೆ ಧೋತಿ ಉಟ್ಟ ಮನುಷ್ಯ ಒಬ್ಬ ಒಂಚೂರೂ ಅವಸರ ಇಲ್ಲದೆ ಕಂಡುಹಿಡೀತಾನೆ ಅನ್ನೋ ಧೈರ್ಯ ಆ ಮ್ಯೂಸಿಕ್ಕಲ್ಲೇ ಇರ್ತಿತ್ತು. ಯೂಟ್ಯೂಬಲ್ಲಿ ಸಿಗುತ್ತೆ, ರಾತ್ರಿ ಊಟ ಆದ್ಮೇಲೆ ಕೇಳಿ, ಲೈಟ್ ಆರಿಸ್ಬೇಕಾಗಿಲ್ಲ.