ಸ್ಕ್ರಿಪ್ಟ್‌ನ ಸೋರ್ಸ್ ಕೋಡ್ ಕಾಪಾಡಿಕೊಳ್ಳುವುದು ಹೇಗೆ?

ಪ್ರಶ್ನೆ: ಅಂಗಡಿಗಳ ಬಿಲ್ಲಿಂಗ್‌ಗೆಂದು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ತಂತ್ರಾಂಶ ಬರೆದು, ಗ್ರಾಹಕರ ಸರ್ವರ್‌ನಲ್ಲೇ ಹಾಕಿಕೊಡುತ್ತೇನೆ. ಕೋಡನ್ನು ಬೇಸ್64 ಎಂಬ, ನೇರವಾಗಿ ಓದಲಾಗದ ಅಕ್ಷರ-ಅಂಕಿಗಳ ರೂಪಕ್ಕೆ ತಿರುಗಿಸಿದ್ದರೂ ಒಬ್ಬ ಗ್ರಾಹಕರು ಅದನ್ನು ಬಿಡಿಸಿ, ನನ್ನ ಹೆಸರು ಅಳಿಸಿ ಬೇರೆಯವರಿಗೆ ಮಾರಿದ್ದಾರೆ. ನಮ್ಮ ನಡುವೆ ಲೈಸೆನ್ಸ್ ಪತ್ರವೇನೂ ಆಗಿರಲಿಲ್ಲ. ಈಗ ಏನು ಮಾಡಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಪತ್ರ ಇಲ್ಲದಿದ್ದರೂ ನಿಮ್ಮ ಹಕ್ಕು ಹೋಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಬರೆದಾಗಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೂ ನೋಂದಾಯಿಸಿರಿ, ವ್ಯಾಜ್ಯದಲ್ಲಿ ಅದು ಸಾಕ್ಷ್ಯವಾಗುತ್ತದೆ. ಸೋರ್ಸ್ ಕೋಡ್‌ನ (ನೀವು ಬರೆದ ಮೂಲ ಸಾಲುಗಳ) ಮೊದಲ 10 ಮತ್ತು ಕೊನೆಯ 10 ಪುಟಗಳನ್ನು ಅರ್ಜಿಯೊಂದಿಗೆ ಸಲ್ಲಿಸಬೇಕು. ಸದ್ಯಕ್ಕೆ ಹಳೆಯ ಪ್ರತಿಗಳು, ಇಮೇಲ್‌ಗಳು, ಹಣ ಸಂದಾಯದ ರಸೀದಿಗಳನ್ನು ಜೋಡಿಸಿಟ್ಟು ವಕೀಲರ ಮೂಲಕ ಆ ಗ್ರಾಹಕರಿಗೆ ನೋಟಿಸ್ ಕೊಡಿಸಿ.

ಇನ್ನು ಬೇಸ್64 ವಿಷಯ. ಅದಕ್ಕೆ ಕೀಲಿಯೇ ಇಲ್ಲದ್ದರಿಂದ ಅದು ಗೂಢಲಿಪಿಯಲ್ಲ. ಅಂಥ ಕಡತದಲ್ಲಿ ‘ಇವಾಲ್’ ಎಂಬ ಆದೇಶವಿರುವಲ್ಲಿ ‘ಎಕೋ’ ಎಂದು ಬರೆದರೆ ಸಾಕು, ಒಳಗಿನ ಕೋಡ್ ಓಡುವ ಬದಲು ಪರದೆಯ ಮೇಲೆ ಅಚ್ಚಾಗುತ್ತದೆ. ವೇರಿಯಬಲ್ ಹೆಸರುಗಳನ್ನು ಅರ್ಥವಿಲ್ಲದ ಅಕ್ಷರಗಳಾಗಿಸಿ, ಕಾಮೆಂಟ್‌ಗಳನ್ನು ಕಿತ್ತುಹಾಕುವ ಅಬ್‌ಫಸ್ಕೇಶನ್ ಇದಕ್ಕಿಂತ ಮೇಲು. ಆದರೆ ತರ್ಕ ಹಾಗೆಯೇ ಉಳಿಯುವುದರಿಂದ ತಾಳ್ಮೆಯಿದ್ದವರು ಅದನ್ನೂ ಓದಬಲ್ಲರು. ಅಯಾನ್‌ಕ್ಯೂಬ್‌ನಂಥ ಎನ್‌ಕೋಡರ್ ಸ್ಕ್ರಿಪ್ಟನ್ನು ಬೈಟ್‌ಕೋಡ್ (ಮನುಷ್ಯರಿಗೆ ಸುಲಭವಾಗಿ ಓದಲಾಗದ, ಯಂತ್ರಕ್ಕೆ ಹತ್ತಿರದ ರೂಪ) ಮಾಡಿ ಗೂಢಲಿಪಿಯಲ್ಲಿಡುತ್ತದೆ. ಆಗ ಗ್ರಾಹಕರ ಸರ್ವರ್‌ನಲ್ಲಿ ಆ ಕಡತವನ್ನು ಬಿಡಿಸಿ ಓಡಿಸುವ ಲೋಡರ್ ಇರಬೇಕು, ಪಿಎಚ್‌ಪಿ ಆವೃತ್ತಿ ಬದಲಾದರೆ ತಕ್ಕ ಲೋಡರ್ ಹಾಕಬೇಕು. ಎಷ್ಟೇ ಮಾಡಿದರೂ, ಇನ್ನೊಬ್ಬರ ಸರ್ವರ್‌ನಲ್ಲಿ ಓಡುವ ಕೋಡನ್ನು ಅವರಿಂದ ಪೂರ್ತಿ ಬಚ್ಚಿಡಲಾಗದು. ನಿಜಕ್ಕೂ ಗುಟ್ಟಾಗಿರಬೇಕಾದ ಲೆಕ್ಕಾಚಾರ ನಿಮ್ಮ ಸರ್ವರ್‌ನಲ್ಲೇ ಇರಲಿ.

ಪ್ರತಿ ಗ್ರಾಹಕರಿಗೂ ಅವರ ಡೊಮೈನ್ ಹೆಸರು ಮತ್ತು ಅವಧಿ ಇರುವ ಲೈಸೆನ್ಸ್ ಕಡತವೊಂದನ್ನು ನಿಮ್ಮ ಖಾಸಗಿ ಕೀಲಿಯಿಂದ ಡಿಜಿಟಲ್ ಸಹಿ ಮಾಡಿ ಕೊಡಿ, ತಂತ್ರಾಂಶ ಓಡುವಾಗ ಆ ಸಹಿಯನ್ನು ಪರೀಕ್ಷಿಸಲಿ. ಪಿಎಚ್‌ಪಿ 7.2ರಿಂದ ಜೊತೆಗೇ ಬರುವ ಸೋಡಿಯಂ ಎಂಬ ಲೈಬ್ರರಿಯಿಂದ (ಗೂಢಲಿಪಿ, ಸಹಿಗಳಿಗೆಂದು ಸಿದ್ಧವಾಗಿರುವ ಕೋಡ್) ಇದು ಸಾಧ್ಯ. ಸಹಿ ಪರೀಕ್ಷಿಸುವ ಭಾಗವನ್ನು ಮಾತ್ರ ಎನ್‌ಕೋಡ್ ಮಾಡದೆ ಬಿಡಬೇಡಿ, ಎರಡು ಸಾಲು ಅಳಿಸಿದರೆ ಬೀಗ ತೆರೆದಂತೆಯೇ. ಅವಧಿ ಮುಗಿದಾಗ ಹೊಸ ಬಿಲ್ ನಿಲ್ಲಲಿ, ಹಳೆಯ ಲೆಕ್ಕ ಓದಲು ಸಿಗಲಿ. ಜಿಎಸ್‌ಟಿ ದಾಖಲೆ ಅಂಗಡಿಯವರ ಸ್ವತ್ತು, ಅದನ್ನು ಒತ್ತೆಯಿಡುವುದು ಸರಿಯಲ್ಲ.

ಕರಾರಿನಲ್ಲಿ ಎಷ್ಟು ಅಂಗಡಿ, ಎಷ್ಟು ಕಾಲ, ಯಾವ ಪ್ರದೇಶ ಎಂಬುದನ್ನು ಬರೆಯಿರಿ. ಅವಧಿ ಹೇಳದಿದ್ದರೆ ಕಾಯ್ದೆಯ ಪ್ರಕಾರ ಅದು 5 ವರ್ಷ, ಪ್ರದೇಶ ಹೇಳದಿದ್ದರೆ ಇಡೀ ಭಾರತ. ಮರುಮಾರಾಟವನ್ನು ನಿಷೇಧಿಸಿ, ಬ್ಯಾಕಪ್ ಪ್ರತಿಯನ್ನಲ್ಲ. ಅದಕ್ಕೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಪರಿಣಾಮಕಾರಿ ತಾಂತ್ರಿಕ ರಕ್ಷಣೆಯನ್ನು ಮುರಿಯುವುದು 2012ರ ತಿದ್ದುಪಡಿಯಿಂದ ಶಿಕ್ಷಾರ್ಹವಾಗಿದೆ. 2 ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು.

ಎನ್‌ಕೋಡ್ ಮಾಡುವ ಮುನ್ನ ನೀವು ಬಳಸಿರುವ ಲೈಬ್ರರಿಗಳ ಲೈಸೆನ್ಸನ್ನೂ ಓದಿ. ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸ್‌ನ ಕೋಡನ್ನು ನಿಮ್ಮದರೊಂದಿಗೆ ಸೇರಿಸಿ ಹಂಚಿದರೆ, ತಿದ್ದಲು ಅನುಕೂಲವಾದ ರೂಪದಲ್ಲೇ ಸೋರ್ಸ್ ಒದಗಿಸಬೇಕಾಗುತ್ತದೆ. ಅಲ್ಲಿ ಅಬ್‌ಫಸ್ಕೇಟ್ ಮಾಡಿದ ಕಡತ ನಡೆಯುವುದಿಲ್ಲ.