ಒಂದೇ ದಿನ ಗ್ರನಾಡಾ

ಪ್ರ: ಕಾಲೇಜಿನ ಟೂರ್‌ನಲ್ಲಿ ಗೆಳತಿಯರೆಲ್ಲ ಸ್ಪೇನಿನ ಗ್ರನಾಡಾಕ್ಕೆ ಹೊರಟಿದ್ದೇವೆ. ಒಂದೇ ದಿನ ಬಿಡುವು. ಏನು ನೋಡೋಣ? ಸಸ್ಯಾಹಾರ ಸಿಗುತ್ತಾ?
– ವಿದ್ಯಾರ್ಥಿನಿ, ಬೀದರ್

ಉ: ಅಲ್ಲಿನ ಹಳೇ ಮುಸ್ಲಿಂ ಅರಸರ ಕೋಟೆ-ಅರಮನೆ ಅಲ್ಹಂಬ್ರಾದ ಟಿಕೆಟ್ ಈಗಲೇ ಆನ್‌ಲೈನ್‌ನಲ್ಲಿ ತೆಗೆದುಬಿಡಿ ತಂಗಿ. ಟಿಕೆಟ್ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ಒಳಗಿನ ನಸ್ರಿದ್ ಅರಸರ ಅರಮನೆಗೆ ಹೋಗುವ ಸಮಯ ಟಿಕೆಟ್‌ನಲ್ಲೇ ಇರುತ್ತದೆ, ತಡ ಮಾಡಬೇಡಿ. ಹೊರಡುವ ಮೊದಲು ನಮ್ಮ ಬೀದರ್ ಕೋಟೆಯ ರಂಗೀನ್ ಮಹಲ್ ಒಮ್ಮೆ ನೋಡಿ. ಅಲ್ಲಿನ ಬಣ್ಣದ ಟೈಲ್ಸ್, ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು ಕಂಡವರಿಗೆ ಅಲ್ಹಂಬ್ರಾದ ಗೋಡೆಗಳ ಮುಂದೆ ಕಾಲು ಕೀಳಲು ಮನಸ್ಸೇ ಬರುವುದಿಲ್ಲ. ನನಗಂತೂ ಚರ್ಚುಗಳಿಗಿಂತ ಆ ಗೋಡೆಗಳೇ ಇಷ್ಟ.

ಸಂಜೆ ಅಲ್ಬೈಸಿನ್ ಎಂಬ ಹಳೇ ಪೇಟೆಯ ಗಲ್ಲಿ ಹತ್ತಿ ಸಾನ್ ನಿಕೋಲಾಸ್ ಕಟ್ಟೆಗೆ ಹೋಗಿ. ದುಡ್ಡು ಕೊಡಬೇಕಿಲ್ಲ. ಎದುರಿಗೇ ಅಲ್ಹಂಬ್ರಾ, ಅದರ ಹಿಂದೆ ಸಿಯೆರಾ ನೆವಾಡಾ ಬೆಟ್ಟಸಾಲು. ಬ್ಯಾಗ್ ಮಾತ್ರ ಹುಷಾರು!

ಅಲ್ಲಿನ ಬಹಳ ಬಾರ್‌ಗಳಲ್ಲಿ ಕುಡಿಯಲು ಏನಾದರೂ ತಗೊಂಡರೆ ತಪಾಸ್ ಎಂಬ ಸಣ್ಣ ತಿಂಡಿಯ ತಟ್ಟೆ ಪುಕ್ಕಟೆ. ಹಂದಿಮಾಂಸ ಇರಬಹುದು, ಕೇಳಿಯೇ ಬಾಯಿಗಿಡಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೂ ಯಾರೂ ನಗುವುದಿಲ್ಲ ಬಿಡಿ.